ಒಂಬತ್ತು ಲಕ್ಷ ಮಕ್ಕಳ ತಂದೆ

ಲಿಂಡರ್ವೈಕ್, ೨ ಮೇ ೧೮೭೧, ಮಂಗಳವಾರ

ಇವತ್ತೂ ನೆನೆದೆ. ಅಂಚೆ ಕಚೇರಿಗೆಂದು ಹೊರಟು ಹೊಸ್ತಿಲು ದಾಟಿದೆ, ಮಳೆ ಹನಿಯಿತು, ನಾನು ನಿಂತೆ. ಜಾವಾದಲ್ಲಿ ಹದಿನೆಂಟು ವರ್ಷ ನಾನು ಹೊಸ್ತಿಲು ದಾಟಿದ ಕೂಡಲೇ ಸತ್ತಿಗೆ ತಾನಾಗಿ ತಲೆಯ ಮೇಲೆ ಬರುತ್ತಿತ್ತು. ತಾನಾಗಿ ಎಂದರೆ ಸಿದಿನ್ ಎಂಬ ಆಳು ಹಿಡಿದುಕೊಂಡು ಬರುತ್ತಿದ್ದ. ಒಂದು ಕ್ಷಣ ನಿಲ್ಲುವುದು, ನೆರಳು ಬೀಳುವುದು, ಆಮೇಲೆ ನಡೆಯುವುದು ಮೈಗೆ ಹತ್ತಿದ ಅಭ್ಯಾಸ. ಹಾಲೆಂಡಿಗೆ ಮರಳಿ ಏಳು ತಿಂಗಳಾದರೂ ಕಾಲು ನನ್ನ ಮಾತು ಕೇಳುವುದಿಲ್ಲ.

ಕಿಟಕಿಯಿಂದ ಹೆರ್ಮಿನಾ ಅಕ್ಕ ಕೂಗಿದಳು. “ಯಾರಿಗೆ ಕಾಯ್ತಾ ಇದೀಯೋ ಹುಬರ್ಟ್? ಮಳೆ ನಿಲ್ಲಿಸೋಕೆ ಹುಕುಂ ಹೊರಡಿಸಿದೀಯಾ?”

ಅಕ್ಕನಿಗೆ ಅರವತ್ತೊಂದು ವರ್ಷ, ಗಂಡ ಇಲ್ಲ, ಮನೆ ಅವಳದು. ಆದ್ದರಿಂದ ನಾನು ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಅಲೀಡಾ ಕಪ್ಪು ಕೊಡೆ ಬಿಚ್ಚಿಕೊಂಡು ಓಡಿಬಂದಳು. ಅಂಚೆ ಕಚೇರಿಯವರೆಗೂ ನನ್ನ ತಲೆಯ ಮೇಲೆ ಹಿಡಿದು, ಸಂಪ್ರದಾಯದಂತೆ ಅರ್ಧ ಹೆಜ್ಜೆ ಹಿಂದೆ ನಡೆದಳು. ತಾನು ಪೂರಾ ನೆನೆದಳು. ಹುಡುಗಿಗೆ ತಿಳಿವಳಿಕೆ ಇದೆ.

ಅಲೀಡಾ ನನ್ನ ಪೋಷಣೆಯಲ್ಲಿರುವವಳು, ಇಪ್ಪತ್ತೆರಡು ವರ್ಷ. ಈ ಪುಸ್ತಕವನ್ನು ನನ್ನ ಹೊರತು ಯಾರೂ ಓದುವುದಿಲ್ಲವಾದ್ದರಿಂದ ಒಮ್ಮೆ ಬರೆದಿಟ್ಟರೆ ತಪ್ಪಿಲ್ಲ: ಅವಳ ತಾಯಿ ವಾಗಿಯೆಮ್ ಹನ್ನೊಂದು ವರ್ಷ ನನ್ನ ಮನೆಯಲ್ಲಿದ್ದಳು, ಹುಡುಗಿಗೆ ಒಂಬತ್ತಾದಾಗ ಕಾಲರಾದಲ್ಲಿ ತೀರಿಕೊಂಡಳು. ಮದುವೆ ಇರಲಿಲ್ಲ. ಅಲ್ಲಿ ನಮ್ಮಂಥ ಅಧಿಕಾರಿಗಳಲ್ಲಿ ಅದು ನಡೆದುಕೊಂಡು ಬಂದದ್ದು. ಹುಡುಗಿಯ ಕಾಗದದಲ್ಲಿ ‘ಪೋಷಕ: ಹುಬರ್ಟ್ ಟೆರ್ ಮಾರ್ಷ್’ ಎಂದು ಬರೆಸಿದ್ದೇನೆ. ಎಷ್ಟೋ ಜನ ಅಷ್ಟನ್ನೂ ಬರೆಸುವುದಿಲ್ಲ.

ಇನ್ನು ಮುಖ್ಯ ವಿಷಯ. ಮಧ್ಯಾಹ್ನ ನೋಟರಿ ದೆ ಕ್ರೋಸ್ ಬಂದಿದ್ದರು. ಜೂನ್ ಹದಿಮೂರಕ್ಕೆ ಸಂಸತ್ತಿನ ಕೆಳಮನೆಗೆ ಚುನಾವಣೆ. ಈ ಕ್ಷೇತ್ರಕ್ಕೆ ನಾನೇ ನಿಲ್ಲಬೇಕಂತೆ. ಯೋಚಿಸಿ ಹೇಳುತ್ತೇನೆ ಎಂದೆ, ಅವರು ಹ್ಯಾಟು ಎತ್ತಿಕೊಳ್ಳುವ ಮೊದಲೇ ಒಪ್ಪಿಕೊಂಡೆ. ಒಂದು ಸೀಮೆಯನ್ನೇ ಆಳಿದವನು ಅಕ್ಕನ ಮನೆಯಲ್ಲಿ ಕಲ್ಲಿದ್ದಲಿನ ಡಬ್ಬ ಎಲ್ಲಿಡಲಿ ಎಂದು ಕೇಳಿಕೊಂಡು ಇರುವುದು ಎಷ್ಟು ದಿನ? ನನಗೆ ಆ ಸ್ಥಾನ ಬೇಕು. ತುಂಬ ಬೇಕು.

೫ ಮೇ, ಶುಕ್ರವಾರ

ಮತದಾರರಿಗೆ ಹಂಚಲು ನನ್ನ ಜೀವನಚರಿತ್ರೆ ಅರ್ಧ ಪುಟದಲ್ಲಿ ಬೇಕಂತೆ. ನಾನು ಹನ್ನೊಂದು ಪುಟ ಬರೆದೆ. ಅಲೀಡಾ ಪ್ರತಿ ತೆಗೆಯುತ್ತಿದ್ದಾಳೆ. ನನ್ನ ಅಕ್ಷರ ಓದಬಲ್ಲವಳು ಅವಳೊಬ್ಬಳೇ, ನನಗೂ ಒಮ್ಮೊಮ್ಮೆ ಆಗುವುದಿಲ್ಲ.

ಬರೆಯುತ್ತ ಕೂತರೆ ನನಗೇ ಹೆಮ್ಮೆಯಾಯಿತು. ಇಪ್ಪತ್ತೊಂದನೇ ವಯಸ್ಸಿಗೆ ಬಟಾವಿಯಾದಲ್ಲಿ ಗುಮಾಸ್ತ, ತಲೆಯ ಮೇಲೆ ಏನೂ ಇಲ್ಲ. ಆಮೇಲೆ ಕಾಫಿ ತೋಟಗಳ ಉಸ್ತುವಾರಿ, ಸಾದಾ ಸತ್ತಿಗೆ. ಸಹಾಯಕ ರೆಸಿಡೆಂಟ್ ಆದಾಗ ಸತ್ತಿಗೆಗೆ ಚಿನ್ನದ ಅಂಚು. ರೆಸಿಡೆಂಟ್ ಆಗಿ ಇಡೀ ಸೀಮೆಯ ಆಡಳಿತ ಕೈಗೆ ಬಂದ ದಿನ ಪೂರ್ತಿ ಚಿನ್ನ. ಜಾವಾದಲ್ಲಿ ಮನುಷ್ಯನ ಮುಖ ನೋಡುವ ಮೊದಲು ಅವನ ಸತ್ತಿಗೆ ನೋಡುತ್ತಾರೆ. ಕೆಳಗೆ ನಡೆಯುವವನು ದೊರೆ, ಹಿಡಿದವನು ಆಳು, ಮಾತೇ ಬೇಕಿಲ್ಲ. ನನ್ನದನ್ನು ಹಡಗಿನಲ್ಲಿ ಜೋಪಾನವಾಗಿ ತಂದು ನಡುಮನೆಯ ಮೂಲೆಯಲ್ಲಿ ನಿಲ್ಲಿಸಿದ್ದೇನೆ. ಅಕ್ಕ ಅದನ್ನು ಚಿನ್ನದ ಅಣಬೆ ಎನ್ನುತ್ತಾಳೆ, ಅದರ ಹಿಡಿಯ ಮೇಲೆ ಒದ್ದೆ ಕಾಲುಚೀಲ ಹರವುತ್ತಾಳೆ.

ಕೊನೆಯ ಸಾಲು ನನಗೆ ಬಹಳ ಹಿಡಿಸಿತು: ‘ಒಂಬತ್ತು ಲಕ್ಷ ಜಾವಾದ ಪ್ರಜೆಗಳಿಗೆ ಇವರು ಆಡಳಿತಗಾರರಾಗಿರಲಿಲ್ಲ, ತಂದೆಯಾಗಿದ್ದರು.’

ಅಲೀಡಾ ಅಲ್ಲಿಗೆ ಬಂದು ಲೇಖನಿ ಎತ್ತಿದಳು. “ತುವಾನ್, ಒಂಬತ್ತು ಲಕ್ಷ ಸರಿಯಾಗಿದೆಯಾ?”

ತುವಾನ್ ಎಂದರೆ ಅಲ್ಲಿಯ ಮಾತಿನಲ್ಲಿ ಒಡೆಯ. ಚಿಕ್ಕಂದಿನಿಂದ ಮನೆಯ ಎಲ್ಲರೂ ಕರೆದಂತೆ ಅವಳೂ ಹಾಗೇ ಕರೆಯುತ್ತಾಳೆ.

“ಜನಗಣತಿ ನಾನೇ ಮಾಡಿಸಿದ್ದು. ಯಾಕೆ?”

“ಸುಮ್ನೆ ಕೇಳ್ದೆ. ಒಬ್ರು ಹೆಚ್ಚು ಕಮ್ಮಿ ಇರಬಹುದು ಅಂತ.”

ಅಂಕಿಗಳ ವಿಷಯದಲ್ಲಿ ಇಷ್ಟು ಎಚ್ಚರ ಇರುವುದು ಒಳ್ಳೆಯದೇ.

೬ ಮೇ

ಜೀವನಚರಿತ್ರೆಯನ್ನು ನೋಟರಿ ಏಳು ಸಾಲಿಗೆ ಇಳಿಸಿದ್ದಾರೆ. ಕೊನೆಯ ಸಾಲು ಉಳಿದಿದೆ. ತಲೆನೋವು.

೧೪ ಮೇ, ಭಾನುವಾರ

ನಿನ್ನೆ ಛತ್ರದ ದೊಡ್ಡ ಕೋಣೆಯಲ್ಲಿ ಮತದಾರರ ಸಭೆ. ನಾನು ಒಂದೂವರೆ ಗಂಟೆ ಮಾತಾಡಿದೆ. ಮೊದಲ ಸಾಲಿನವರು ಎಚ್ಚರವಾಗಿದ್ದರು.

ಒಂಬತ್ತು ಲಕ್ಷದ ಮಾತು ಬಂದ ಕೂಡಲೇ ಗಿಣ್ಣಿನ ವ್ಯಾಪಾರಿ ಬೊಲ್ಕ್ ಎದ್ದು ನಿಂತ. ಅಗಲವಾದ ಮನುಷ್ಯ, ಎದ್ದರೆ ಹಿಂದಿನ ಮೂವರು ಕಾಣುವುದಿಲ್ಲ.

“ಒಂಬತ್ತು ಲಕ್ಷಾನಾ ಸಾಹೇಬ್ರೇ? ನನಗೆ ಏಳು ಮಕ್ಕಳು. ಒಂದನ್ನ ಕರೆಯೋಕೆ ಹೋಗಿ ಏಳು ಹೆಸರೂ ಹೇಳ್ತೀನಿ. ನೀವು ಹೆಂಗೆ ನೆನಪಿಟ್ಕೊಂಡ್ರಿ?”

ಸಭೆ ನಕ್ಕಿತು. ನಾನೂ ನಗುವುದು ಒಳ್ಳೆಯದೆಂದು ನೋಟರಿ ಕಣ್ಸನ್ನೆ ಮಾಡಿದರು. ನಕ್ಕೆ.

“ಆ ಮಕ್ಕಳು ಯಾವತ್ತಾದ್ರೂ ಗೊಣಗಿದ್ರಾ? ಕಾಫಿ ಬೆಳೆಸೋದು, ಹೊರೋದು, ಇದೆಲ್ಲ ಅವರಿಗೆ ಇಷ್ಟಾನೇ ಇತ್ತಾ?”

ಆಗ ನನಗೆ ಒಳ್ಳೆಯ ಉತ್ತರ ಹೊಳೆಯಿತು. ಸಿದಿನ್ ಎಂಬ ಒಬ್ಬ ಮನುಷ್ಯ ಹದಿನೆಂಟು ವರ್ಷ ಬಿಸಿಲು ಮಳೆ ಎನ್ನದೆ ನನ್ನ ಪಕ್ಕದಲ್ಲೇ ಸತ್ತಿಗೆ ಹಿಡಿದು ನಡೆದ, ಒಂದು ದಿನವಾದರೂ ಅವನ ಬಾಯಿಂದ ದೂರು ಕೇಳಲಿಲ್ಲ, ಅವನ ಸಂತೋಷವೇ ಜಾವಾದ ಸಂತೋಷ ಎಂದೆ. ಚಪ್ಪಾಳೆ ಬಿತ್ತು. ಬೊಲ್ಕ್ ಕೂತ. ಹಿಂದಿನ ಮೂವರು ಮತ್ತೆ ಕಂಡರು.

ಅಲೀಡಾ ಮೇಲಂತಸ್ತಿನಲ್ಲಿ ಅಕ್ಕನ ಜೊತೆ ಕೂತಿದ್ದಳು. ದಾರಿಯಲ್ಲಿ ಬರುವಾಗ ಕೊಡೆಯ ಹಿಂದಿನಿಂದ ಅವಳ ದನಿ ಬಂತು. “ಸಿದಿನ್ ವಿಷಯ ನಾನು ಪ್ರತಿ ತೆಗೆದಿದ್ರಲ್ಲಿ ಇರಲಿಲ್ಲ, ತುವಾನ್.”

“ಆ ಕ್ಷಣಕ್ಕೆ ಬಾಯಿಗೆ ಬಂತು.”

“ಹೌದು,” ಎಂದಳು. ಆಮೇಲೆ ಮನೆಯವರೆಗೂ ಮಾತಿಲ್ಲ. ನನ್ನ ಭಾಷಣದ ಗುಂಗಿನಲ್ಲಿದ್ದಳೆಂದು ಕಾಣುತ್ತದೆ.

೨೦ ಮೇ, ಶನಿವಾರ

ಊರಿನಲ್ಲಿ ನನಗೆ ಹೊಸ ಹೆಸರು ಬಿದ್ದಿದೆಯಂತೆ, ‘ಒಂಬತ್ತು ಲಕ್ಷದಪ್ಪ’. ಮೀನು ಮಾರುವವಳು ಅಕ್ಕನನ್ನು “ಒಂಬತ್ತು ಲಕ್ಷದತ್ತೆ, ಹೆರಿಂಗ್ ಬೇಕಾ?” ಎಂದಳಂತೆ. ಅಕ್ಕನಿಗೆ ಸಿಟ್ಟು ಬರಲಿಲ್ಲ, ನಗು ಬಂತು. ನನಗೆ ಅದೇ ಹೆಚ್ಚು ಸಿಟ್ಟು ತರಿಸಿತು.

ಸಂಜೆ ಐದಕ್ಕೆ ಟ್ಯೂನಿಸ್ ವ್ರೋಮ್ ಬಂದ. ಊರ ಕಾಲುವೆಯ ತೂಬು ನೋಡಿಕೊಳ್ಳುವ ಯುವಕ, ದಿನಾ ಬೆಳಿಗ್ಗೆ ನೀರಿನ ಮಟ್ಟ ಅಳೆದು ಬರೆಯುತ್ತಾನೆ. ಉದ್ದ ಕಾಲು, ಕೆಂಪು ಕಿವಿ, ಮಾತಿಗೆ ನಯ ಹಚ್ಚುವ ಅಭ್ಯಾಸವಿಲ್ಲ. ಅಂಚೆ ಕಚೇರಿಯ ದಾರಿಯಲ್ಲಿ ಅವನ ತೂಬು ಸಿಗುತ್ತದೆ. ಅಲೀಡಾ ಅಲ್ಲಿ ಯಾಕೆ ನಿಧಾನವಾಗುತ್ತಾಳೆ ಎಂದು ನಾನು ಇಷ್ಟು ದಿನ ಯೋಚಿಸಿರಲಿಲ್ಲ.

ಹ್ಯಾಟು ಎರಡು ಕೈಯಲ್ಲಿ ಹಿಡಿದು ಕೇಳಿದ. “ಸಾಹೇಬ್ರೇ, ಅಲೀಡಾನ ಮದುವೆ ಆಗ್ಬೇಕು ಅಂತ ಬಂದಿದೀನಿ. ಆದ್ರೆ ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ತಿಲ್ಲ. ಪೋಷಕರನ್ನ ಕೇಳ್ಬೇಕಾ, ಅಪ್ಪನ್ನ ಕೇಳ್ಬೇಕಾ?”

“ನಾನು ಅವಳ ಪೋಷಕ.”

“ಹಂಗಾದ್ರೆ ಪೋಷಕರೇ, ಹುಡುಗೀನ ಕೊಡಿ. ಅಪ್ಪ ಸಿಕ್ಕಾಗ ಅವರನ್ನೂ ಕೇಳ್ತೀನಿ.”

ಪಕ್ಕದ ಕೋಣೆಯಲ್ಲಿ ಅಕ್ಕನಿಗೆ ಕೆಮ್ಮು ಬಂತು.

ಆತುರಕ್ಕೆ ಕಾರಣವಿದೆ. ಸಮುದ್ರದ ಕಡೆ ಒಂದು ದ್ವೀಪದ ದೊಡ್ಡ ತೂಬಿಗೆ ಅವನನ್ನು ನೇಮಿಸಿದ್ದಾರೆ, ಜೂನ್ ಇಪ್ಪತ್ತನಾಲ್ಕಕ್ಕೆ ಅಲ್ಲಿರಬೇಕು. ತೂಬಿನ ಮನೆ ಮದುವೆಯಾದವನಿಗೆ ಮಾತ್ರ. ಅಲೀಡಾಳನ್ನು ಕರೆದು ಕೇಳಿದೆ. ನೆಲ ನೋಡಿಕೊಂಡು “ನನಗೆ ಒಪ್ಪಿಗೆ, ತುವಾನ್ ಒಪ್ಪಿದ್ರೆ” ಎಂದಳು. ಒಪ್ಪಿದೆ. ನನ್ನ ಪ್ರತಿ ಯಾರು ತೆಗೆಯುತ್ತಾರೋ.

೨೪ ಮೇ, ಬುಧವಾರ

ನೋಟರಿ ಬಂದು ಬಾಗಿಲು ಹಾಕಿಸಿ ಕೂತರು. ಮದುವೆಯ ಸುದ್ದಿ ಅವರ ಕಿವಿಗೆ ಬಿದ್ದಿದೆ.

“ರೆಸಿಡೆಂಟ್ ಸಾಹೇಬ್ರೇ, ಮದುವೆಗೆ ಮುಂಚೆ ಎರಡು ಭಾನುವಾರ ಪುರಭವನದ ಬಾಗಿಲಲ್ಲಿ ಹೆಸರು ಓದ್ತಾರೆ. ಹುಡುಗ, ಹುಡುಗಿ, ಅವರ ಅಪ್ಪ, ಅಮ್ಮ. ಚರ್ಚು ಬಿಟ್ಟು ಬರೋ ಊರೆಲ್ಲ ಅಲ್ಲೇ ನಿಂತಿರುತ್ತೆ. ಜೂನ್ ನಾಲ್ಕು, ಜೂನ್ ಹನ್ನೊಂದು. ಹದಿಮೂರಕ್ಕೆ ಮತದಾನ.”

“ಗೊತ್ತು.”

“ತಂದೆ ಅನ್ನೋ ಕಡೆ ಏನು ಓದ್ತಾರೆ?”

ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಎದ್ದು ನೋಡಿಬಂದೆ.

“ನೋಡಿ, ಊರಿಗೆಲ್ಲ ಗೊತ್ತು. ಆ ಮೂಗು ನೋಡಿದ್ರೆ ಕುರುಡನಿಗೂ ಗೊತ್ತಾಗುತ್ತೆ. ಗೊತ್ತಿರೋದು ಬೇರೆ, ಬಾಗಿಲಲ್ಲಿ ನಿಂತು ಓದಿಸೋದು ಬೇರೆ. ಪಾದ್ರಿಗಳ ಕಡೆಯವರೇ ಅರವತ್ತು ಎಪ್ಪತ್ತು ವೋಟು ಇದಾವೆ. ಗೊತ್ತಿಲ್ಲ ಅಂತ ಬರೆಸಿ. ಯಾರಿಗೂ ನಷ್ಟ ಇಲ್ಲ.”

ನೋಟರಿ ಅನುಭವಸ್ಥರು. ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ತಪ್ಪು ಹುಡುಕಿದೆ, ಕಾಣಲಿಲ್ಲ.

ಅಲೀಡಾಳಿಗೆ ನಾನೇ ಹೇಳಬೇಕಿತ್ತು. ಮಾತು ಎಲ್ಲಿಂದ ಶುರುಮಾಡಲಿ ಎಂದು ಒದ್ದಾಡುತ್ತಿರುವಾಗ ಅವಳೇ ಹೇಳಿದಳು. “ಆ ಜಾಗ ಖಾಲಿ ಬಿಡಿ ತುವಾನ್. ನನಗೆ ಅಭ್ಯಾಸ ಇದೆ.”

ಎಂಥ ಹೊಂದಿಕೊಳ್ಳುವ ಹುಡುಗಿ. ಆದರೂ ಊಟ ಸೇರಲಿಲ್ಲ. ಬಟಾಣಿ ಸೂಪು ಸೀದಿತ್ತು.

೩೧ ಮೇ, ಬುಧವಾರ

ಪುರಭವನಕ್ಕೆ ಹೋಗಿಬಂದೆವು. ಗುಮಾಸ್ತ ಪಿಲ್ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಒಂದೊಂದೇ ಪ್ರಶ್ನೆ ಕೇಳಿದ. “ತಂದೆ?” ಎಂದ. ಟ್ಯೂನಿಸ್ ನನ್ನನ್ನು ನೋಡಿದ. ಅಲೀಡಾ ನೋಡಲಿಲ್ಲ. ನಾನು ಗೋಡೆಯ ಮೇಲಿನ ಮಹಾರಾಜರ ಪಟ ನೋಡಿದೆ. ಪಿಲ್ ಒಂದಿಷ್ಟು ಕಾದು ‘ಗೊತ್ತಿಲ್ಲ’ ಎಂದು ಬರೆದುಕೊಂಡ.

ತಾಯಿಯ ಹೆಸರು ಅಲೀಡಾ ಹೇಳಿದಳು. ಅವನು ತಪ್ಪು ಬರೆದ, ಅವಳು ತಿದ್ದಿಸಿದಳು.

೪ ಜೂನ್, ಭಾನುವಾರ

ಓದಿದರು. ಅಲೀಡಾ ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು, ತುಂತುರು ಇತ್ತು. ‘ತಂದೆ ಗೊತ್ತಿಲ್ಲ’ ಎಂದಾಗ ಕೊಡೆ ಅಲುಗಾಡುತ್ತದೇನೋ ಎಂದುಕೊಂಡೆ. ಅಲುಗಾಡಲಿಲ್ಲ.

ಬೊಲ್ಕ್ ಪಕ್ಕದವನಿಗೆ “ಒಂಬತ್ತು ಲಕ್ಷ ನೆನಪಿದೆ, ಒಂದು ಮರೆತುಹೋಗಿದೆ” ಎಂದ. ಮೆಲ್ಲಗೆ ಹೇಳಿದ, ಆದರೆ ಅವನ ಮೆಲ್ಲಗೆ ಎಂದರೆ ನಾಲ್ಕು ಸಾಲಿಗೆ ಕೇಳುತ್ತದೆ.

೫ ಜೂನ್

ಅಕ್ಕ ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸಲಿಲ್ಲ. ಮರೆತಿರಬೇಕು.

೬ ಜೂನ್

ಇವತ್ತೂ ಆಲೂಗಡ್ಡೆ ಇಲ್ಲ. ಕೇಳಿದೆ. “ಯಾರಿಗೆ ಅಂತ ಗೊತ್ತಿಲ್ಲ,” ಎಂದಳು.

೭ ಜೂನ್, ಬುಧವಾರ

ಅಲೀಡಾ ಪೆಟ್ಟಿಗೆ ಕಟ್ಟುತ್ತಿದ್ದಾಳೆ. ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದಳು, ಮೇಲೆ ‘ತುವಾನ್ ಅವರಿಗೆ’ ಎಂದು. ಸಾಲಾಗಿ ಬರೆದಿದ್ದಳು. ಉಣ್ಣೆಯ ಕಾಲುಚೀಲ ಎಡಗಡೆ ಎರಡನೇ ಖಾನೆಯಲ್ಲಿದೆ. ಒಲೆ ಆರಿದರೆ ಊದಬೇಡಿ, ಕೆಳಗಿನ ಬಾಗಿಲು ತೆರೆಯಿರಿ. ಭಾಷಣ ಒಂದು ಗಂಟೆ ದಾಟಿದರೆ ದನಿ ಒಡೆಯುತ್ತದೆ, ಜೇನು ಜೇಬಿನಲ್ಲಿರಲಿ. ಕೊನೆಗೆ: ‘ಕೊಡೆ ಬಿಚ್ಚುವುದು. ಹಿಡಿಯ ಮೇಲಿನ ಗುಂಡಿ ಒತ್ತಿ, ಮೇಲಕ್ಕೆ ತಳ್ಳಿ, ಟಕ್ ಎನ್ನಬೇಕು. ಮಳೆಯಲ್ಲಿ ನಿಂತು ಕಾಯಬೇಡಿ. ಯಾರೂ ಬರುವುದಿಲ್ಲ.’

ನಾಲ್ವರು ಗವರ್ನರ್ ಜನರಲ್‌ಗಳ ಕೈಯಿಂದ ನನಗೆ ಸೂಚನೆಗಳು ಬಂದಿವೆ. ಇಷ್ಟು ಸ್ಪಷ್ಟವಾಗಿ ಒಬ್ಬರೂ ಬರೆದಿರಲಿಲ್ಲ.

ಹಾಳೆಯನ್ನು ನಾಲ್ಕು ಸಲ ಓದಿದೆ. ಕನ್ನಡಕ ಬದಲಾಯಿಸಬೇಕು, ಅಕ್ಷರ ಮಸುಕಾಗುತ್ತಿದೆ.

೮ ಜೂನ್, ಗುರುವಾರ

ಸರಕಾರಿ ದಾಖಲೆಯಲ್ಲಿ ತಪ್ಪಿದ್ದರೆ ನನಗೆ ಮೊದಲಿನಿಂದಲೂ ಸಹಿಸಲಾಗುವುದಿಲ್ಲ. ಜಾವಾದಲ್ಲಿ ಒಂದು ಎಮ್ಮೆಯ ಬಣ್ಣ ತಪ್ಪಾಗಿ ಬರೆದದ್ದಕ್ಕೆ ಒಂದು ಜಿಲ್ಲೆಯ ಪಟ್ಟಿಯನ್ನೇ ಮತ್ತೆ ಬರೆಸಿದ್ದೆ. ಆದ್ದರಿಂದ ಇವತ್ತು ಪುರಭವನಕ್ಕೆ ಒಬ್ಬನೇ ಹೋದೆ. ಇದು ಕೇವಲ ತಿದ್ದುಪಡಿ.

“ಏನಾಗ್ಬೇಕಿತ್ತು ಸಾಹೇಬ್ರೇ?” ಎಂದ ಪಿಲ್.

“ಭಾನುವಾರದ ಕಾಗದದಲ್ಲಿ ಒಂದು ಕಡೆ ತಪ್ಪಿದೆ.”

“ಯಾವ ಕಡೆ?”

“ನಿನಗೆ ಗೊತ್ತು ಯಾವ ಕಡೆ.”

“ಗೊತ್ತು. ಆದ್ರೆ ನೀವೇ ಬಾಯಿಬಿಟ್ಟು ಹೇಳ್ಬೇಕು, ನಿಯಮ.”

ಹೇಳಿದೆ. ಮಗಳು ಎಂಬ ಶಬ್ದಕ್ಕೆ ದನಿ ಒಡೆಯಿತು. ಜೇಬಿನಲ್ಲಿ ಜೇನು ಇರಲಿಲ್ಲ. ಪಿಲ್ ದಪ್ಪ ಪುಸ್ತಕ ತೆಗೆದು ಬರೆಯತೊಡಗಿದ. ತಾಯಿಯ ಹೆಸರು ವಾಗಿಯೆಮ್. ಈ ದೇಶದ ನೆಲದಲ್ಲಿ ಆ ಹೆಸರನ್ನು ನಾನು ಗಟ್ಟಿಯಾಗಿ ಹೇಳಿದ್ದು ಇದೇ ಮೊದಲು.

“ಆಕೆ ಉದ್ಯೋಗ?”

ಅಡುಗೆಯವಳು ಎನ್ನಬಹುದಿತ್ತು. ಮನೆಗೆಲಸದವಳು ಎಂದು ಬರೆಸುವುದು ರೂಢಿ. ವಾಗಿಯೆಮ್ ಸಂಜೆ ಹೊತ್ತು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದದ್ದು ನೆನಪಾಯಿತು. ನನ್ನ ಹೆಜ್ಜೆಯ ಸದ್ದಿನಿಂದಲೇ ನನ್ನ ಸಿಟ್ಟು ಎಷ್ಟಿದೆ ಎಂದು ತಿಳಿದುಕೊಳ್ಳುತ್ತಿದ್ದಳು.

“ಮನೆಯಾಕೆ,” ಎಂದೆ. “ನನ್ನ ಮನೆಯಾಕೆ ಅಂತ ಬರಿ.”

ಪಿಲ್ ಕನ್ನಡಕದ ಮೇಲಿನಿಂದ ನೋಡಿದ, ಬರೆದ, ಪುಸ್ತಕ ನನ್ನ ಕಡೆ ತಿರುಗಿಸಿದ. ರುಜು ಹಾಕಿದೆ. ಜೀವನದಲ್ಲಿ ಲಕ್ಷ ರುಜು ಹಾಕಿದ್ದೇನೆ, ಇದೊಂದು ಮಾತ್ರ ಸೊಟ್ಟಗೆ ಬಂತು.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಸಾಮಾನ್ಯ ಕಚೇರಿ ಕೆಲಸ, ಹೇಳುವುದೇನಿದೆ? ಆದರೆ ರಾತ್ರಿಯ ಊಟಕ್ಕೆ ನನ್ನ ತಟ್ಟೆಯಲ್ಲಿ ಆರು ಆಲೂಗಡ್ಡೆ ಇದ್ದವು, ಬೆಣ್ಣೆಯ ಸಮೇತ. ಪಿಲ್‌ನ ಹೆಂಡತಿ ಅಕ್ಕನ ಗೆಳತಿ.

೧೦ ಜೂನ್, ಶನಿವಾರ

ನೋಟರಿ ಬಂದು ಕೂಗಾಡಿದರು. “ನಾಳೆ ಓದಿಬಿಡ್ತಾರೆ! ಎರಡೇ ದಿನ, ಎರಡು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ? ಇಪ್ಪತ್ತೆರಡು ವರ್ಷ ತಡ್ಕೊಂಡಿದ್ರಲ್ಲ!”

ದಾಖಲೆ ಸರಿಯಾಗಿರಬೇಕು ಎಂದೆ. ಅವರು ತಲೆ ಚಚ್ಚಿಕೊಂಡರು. ಹೋಗುವಾಗ ಜೋರು ಮಳೆ. ಸಿಟ್ಟಿನ ಭರದಲ್ಲಿ ನಮ್ಮ ಮನೆಯ ಕಪ್ಪು ಕೊಡೆಯನ್ನೇ ಎತ್ತಿಕೊಂಡು ಹೋದರು.

೧೧ ಜೂನ್, ಭಾನುವಾರ

ಬೆಳಿಗ್ಗೆಯಿಂದ ಆಕಾಶ ತೂತು ಬಿದ್ದಂತೆ ಸುರಿಯಿತು. ಚರ್ಚಿಗೆ ಹೊರಡುವ ಹೊತ್ತಿಗೆ ಮನೆಯಲ್ಲಿ ಒಂದೇ ಒಂದು ಕೊಡೆ ಇಲ್ಲ. ಅಕ್ಕನದು ಗಾಳಿಗೆ ಹರಿದಿದೆ, ಕಪ್ಪು ಕೊಡೆ ನೋಟರಿಯ ಮನೆಯಲ್ಲಿ.

“ಅಣಬೆ ಇದೆಯಲ್ಲ,” ಎಂದಳು ಅಕ್ಕ.

ಅಲೀಡಾ ಹೊಸ ಟೋಪಿ ಹಾಕಿಕೊಂಡು ನಿಂತಿದ್ದಳು, ಅಕ್ಕ ಹೊಲಿಸಿದ್ದು, ನೀಲಿ ರಿಬ್ಬನ್ನು. ಅದು ನೆನೆದರೆ ಹಾಳು. ಬೇರೆ ದಾರಿ ಇರಲಿಲ್ಲ. ಸತ್ತಿಗೆಯ ಮೇಲಿನ ಕಾಲುಚೀಲ ತೆಗೆದು ಬಾಗಿಲ ಹೊರಗೆ ಬಂದು ಬಿಚ್ಚಿದೆ. ಅಲೀಡಾ ರೂಢಿಯಂತೆ ಹಿಡಿಗೆ ಕೈ ಚಾಚಿದಳು.

“ಬಿಡು. ಇದು ಭಾರ ಇದೆ, ನಿನ್ನ ಕೈಲಿ ಆಗಲ್ಲ,” ಎಂದೆ. ನಿಜಕ್ಕೂ ಭಾರ ಇತ್ತು. ಹಿಡಿ ಒಂದಾಳುದ್ದ, ಕೆಳಗೆ ನಡೆಯುವವನೇ ಹಿಡಿಯುವಂತೆ ಅದನ್ನು ಮಾಡಿಲ್ಲ. ಒಬ್ಬರು ಮುಂದೆ ನಡೆಯಬೇಕು, ಹಿಡಿದವನು ಪಕ್ಕಕ್ಕೆ ಅರ್ಧ ಹೆಜ್ಜೆ ಹಿಂದೆ. ಆದ್ದರಿಂದ ಅವಳನ್ನು ಮುಂದೆ ಬಿಟ್ಟು ನಾನು ಹಿಂದೆ ನಡೆದೆ. ಕೇವಲ ಅನುಕೂಲಕ್ಕೆ.

ಅವಳು ಮೊದಲ ಹೆಜ್ಜೆ ಇಡಲಿಲ್ಲ. ಮೇಲೆ ಚಿನ್ನದ ಬಣ್ಣ ನೋಡಿದಳು, ತಿರುಗಿ ನನ್ನನ್ನು ನೋಡಿದಳು, ಬಹಳ ಹೊತ್ತು. “ನಡಿ, ತಡವಾಗುತ್ತೆ,” ಎಂದೆ. ನಡೆದಳು. ತಾಯಿಯ ನಡಿಗೆ ಅದು, ನಾನು ಗಮನಿಸಿಯೇ ಇರಲಿಲ್ಲ.

ಊರಿನವರು ಬಾಯಿ ಬಿಟ್ಟು ನೋಡಿದರು. ಅವರಿಗೇನು ಗೊತ್ತು, ದೊಡ್ಡದೊಂದು ಹೊಳೆಯುವ ಕೊಡೆ ಅಷ್ಟೇ. ಮೀನಿನವಳು “ಅಯ್ಯೋ, ಮದುಮಗಳಿಗೆ ಮಂಟಪಾನೇ ಬಂತಲ್ಲ” ಎಂದಳು. ಕ್ಲಬ್ಬಿನ ಕಿಟಕಿಯ ಹಿಂದೆ ಮತದಾರರ ಮುಖಗಳು ಸಾಲಾಗಿದ್ದವು. ನೋಟರಿಯದೂ ಇತ್ತು. ನಮ್ಮ ಕೊಡೆ ಅವರ ಪಕ್ಕದಲ್ಲೇ ಒಣಗುತ್ತಿತ್ತು.

ಪುರಭವನದ ಬಾಗಿಲಲ್ಲಿ ಪಿಲ್ ಕಾಗದ ಬಿಚ್ಚಿ ಓದಿದ. “ಹುಬರ್ಟ್ ಟೆರ್ ಮಾರ್ಷ್, ಜಾವಾದ ನಿವೃತ್ತ ರೆಸಿಡೆಂಟ್, ಇವರ ಮಗಳು.” ಮಳೆಯಲ್ಲೂ ಕೇಳಿಸಲಿ ಎಂದೋ ಏನೋ ಬೇಕಾದ್ದಕ್ಕಿಂತ ಜೋರಾಗಿ ಓದಿದ. ಯಾರೂ ನಗಲಿಲ್ಲ. ಬೊಲ್ಕ್ ಹ್ಯಾಟು ತೆಗೆದ. ಅದು ಗೇಲಿಗೋ ಮರ್ಯಾದೆಗೋ ತಿಳಿಯಲಿಲ್ಲ, ಅವನ ಮುಖದ ಮೇಲೆ ನೀರು ಸುರಿಯುತ್ತಿತ್ತು.

ಟ್ಯೂನಿಸ್ ಮೆಟ್ಟಿಲಿಳಿದು ನೇರ ನನ್ನ ಮುಂದೆ ಬಂದು ನಿಂತ. “ಅಪ್ಪ ಸಿಕ್ಕಾಗ ಕೇಳ್ತೀನಿ ಅಂದಿದ್ದೆ. ಕೊಡ್ತೀರಾ?”

“ಕೊಡ್ತೀನಿ,” ಎಂದೆ. ಇನ್ನೇನಾದರೂ ಹೇಳಬೇಕಿತ್ತು. ಒಂದೂವರೆ ಗಂಟೆ ಮಾತಾಡಬಲ್ಲವನಿಗೆ ಒಂದೇ ಶಬ್ದ ಬಂತು.

ವಾಪಸು ಬರುವಾಗ ಗಾಳಿಯೂ ಸೇರಿತು. “ಅಪ್ಪಾ, ಸ್ವಲ್ಪ ಈ ಕಡೆ ವಾಲಿಸಿ, ಅರ್ಧ ಮಳೆ ನನ್ನ ಮೇಲೇ ಬೀಳ್ತಿದೆ,” ಎಂದಳು ಅಲೀಡಾ. ಹದಿನೆಂಟು ವರ್ಷ ಸತ್ತಿಗೆಯ ಕೆಳಗೆ ಬದುಕಿದವನಿಗೆ ಸತ್ತಿಗೆ ಹಿಡಿಯುವುದನ್ನು ಹೇಳಿಕೊಡುತ್ತಾಳೆ. ವಾಲಿಸಿದೆ. ನನ್ನ ಎಡಭುಜ ಪೂರಾ ನೆನೆಯಿತು. ಚಿನ್ನದ ಬಣ್ಣ ಕರಗಿ ಕೋಟಿನ ತೋಳಿಗೆ ಇಳಿದಿದೆ, ಅಕ್ಕ ಉಜ್ಜಿದರೂ ಹೋಗುತ್ತಿಲ್ಲ.

ತೋಳು ಎತ್ತಲಾಗುತ್ತಿಲ್ಲ. ಒಟ್ಟು ಮುಕ್ಕಾಲು ಗಂಟೆ ಹಿಡಿದಿದ್ದೆ ಅಷ್ಟೆ.

೧೪ ಜೂನ್, ಬುಧವಾರ

ಸೋತೆ. ಐವತ್ತೆಂಟು ವೋಟಿನಿಂದ. ನೋಟರಿ ಕೊಡೆ ವಾಪಸು ಕಳಿಸಿದ್ದಾರೆ, ಜೊತೆಗೆ ಚೀಟಿ ಇಲ್ಲ. ಬೇಸರವಾಗಿದೆ, ಆಗಿಲ್ಲ ಎಂದು ಈ ಪುಸ್ತಕಕ್ಕೆ ಸುಳ್ಳು ಹೇಳುವುದೇಕೆ? ಹೇಗ್ ನಗರದ ಆ ಸಭಾಂಗಣದಲ್ಲಿ ನನ್ನ ಕುರ್ಚಿ ಎಲ್ಲಿರುತ್ತದೆ ಎಂದು ಕೂಡ ನೋಡಿಟ್ಟಿದ್ದೆ. ಬೊಲ್ಕ್ ನನಗೇ ಹಾಕಿದನಂತೆ, ಅಂಗಡಿಯಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದಾನಂತೆ. ಯಾಕೆಂದು ಅಕ್ಕ ಕೇಳಿದ್ದಕ್ಕೆ “ಒಂದು ಮಗು ಆದ್ರೂ ನಿಜವಾದ್ದು ಅಂತ ಗೊತ್ತಾಯ್ತಲ್ಲ” ಎಂದನಂತೆ.

ನಾಳೆ ಹನ್ನೊಂದಕ್ಕೆ ಮದುವೆ. ಮಧ್ಯಾಹ್ನದ ದೋಣಿಗೆ ಅವರು ಹೊರಡುತ್ತಾರೆ.

ತೋಳಿನ ನೋವು ಮೂರು ದಿನವಾದರೂ ಹೋಗಿಲ್ಲ. ಬೆಳಿಗ್ಗೆ ತಿಂಡಿಗೆ ಕೂತಾಗ, ಸುಮ್ಮನೆ ಮಾತಿಗೆಂಬಂತೆ ಅಲೀಡಾಳನ್ನು ಕೇಳಿದೆ. “ಸಿದಿನ್‌ಗೆ ಯಾವತ್ತಾದ್ರೂ ತೋಳು ನೋಯ್ತಿತ್ತಾ?”

ಅವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. “ದಿನಾ ನೋಯ್ತಿತ್ತು. ದಿನಾ ಸಂಜೆ ಹಿತ್ತಿಲಲ್ಲಿ ಕೂತು ಅಳ್ತಿದ್ದ. ಅಮ್ಮ ಎಣ್ಣೆ ಬಿಸಿ ಮಾಡಿ ತಿಕ್ತಿದ್ಲು. ಅಮ್ಮ ಹೋದಮೇಲೆ ನಾನು ತಿಕ್ತಿದ್ದೆ.”

“ಹಿತ್ತಿಲಲ್ಲಾ? ನನ್ನ ಕಚೇರಿ ಕಿಟಕಿ ಅಲ್ಲೇ ಇತ್ತಲ್ಲ.”

“ಹೌದು, ಕಿಟಕಿ ಕೆಳಗೇ.”

“ನನಗ್ಯಾಕೆ ಒಬ್ರೂ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ವಲ್ಲ ಅಪ್ಪ. ಇವತ್ತೇ ಕೇಳಿದ್ದು.”

ಆ ಸಭೆಯಲ್ಲಿ ಅವನ ಸಂತೋಷಕ್ಕೆ ಚಪ್ಪಾಳೆ ತಟ್ಟಿಸಿದ್ದೆ. ಜನ ತಟ್ಟಿದ್ದರು. ನನಗೆ ನಾಚಿಕೆಯಾಯಿತು. ಭಾಷಣದ ಪ್ರತಿ ತೆಗೆದು ಒಲೆಗೆ ಹಾಕಿದೆ. ಬೆಂಕಿ ಆರಿತು. ಊದಲಿಲ್ಲ, ಕೆಳಗಿನ ಬಾಗಿಲು ತೆರೆದೆ. ಹತ್ತಿಕೊಂಡಿತು.

ಸಿದಿನ್ ಬದುಕಿದ್ದಾನೋ ಇಲ್ಲವೋ ತಿಳಿಯದು. ಅವನ ಊರಿಗೆ ಒಂದು ಕಾಗದ ಬರೆಯಬೇಕು. ಏನು ಬರೆಯಬೇಕು ಎಂದು ಇನ್ನೂ ಗೊತ್ತಿಲ್ಲ, ಪ್ರಶ್ನೆಯಿಂದ ಶುರುಮಾಡುತ್ತೇನೆ.

ಈಗ ಅಲೀಡಾ ಸಣ್ಣ ಬಟ್ಟಲಿನಲ್ಲಿ ಎಣ್ಣೆ ಬಿಸಿ ಮಾಡಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದಾಳೆ, ಲವಂಗದ ವಾಸನೆ ಕೋಣೆ ತುಂಬಿದೆ. “ಬರೆದಿದ್ದು ಸಾಕು, ತೋಳು ಚಾಚಿ,” ಎನ್ನುತ್ತಿದ್ದಾಳೆ. ಲೇಖನಿ ಕೆಳಗಿಡುತ್ತೇನೆ.